ಬೂಸಾ ಭಾಷಣದ ಉಳಿದರ್ಧ

ನನ್ನ ಅಕ್ಕನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಾಳೆ. ಯುಗಾದಿಗೆ ಊರಿಗೆ ಬಂದವಳು ಒಬ್ಬಟ್ಟು ತಟ್ಟುತ್ತಲೇ ಕೇಳಿದಳು: "ಮಾವ, ಜರ್ಮನ್ ಕಲೀಲಾ, ಜಪಾನೀಸ್ ಕಲೀಲಾ? ನಮ್ ವಾರ್ಡಿನ ಹುಡ್ಗೀರೆಲ್ಲ ಯಾವ್ದಾದ್ರೂ ಒಂದಕ್ಕೆ ಸೇರ್ಕೊತಾವ್ರೆ. ಯಾವ್ದಕ್ಕೆ ಬೇಗ ಕೆಲ್ಸ ಸಿಗುತ್ತೆ?"

ನಾನು ಕನ್ನಡ ಮೇಷ್ಟ್ರು. ದಲಿತ ಸಾಹಿತ್ಯ, ಅಸ್ಮಿತೆ, ಭಾಷೆಯ ಯಜಮಾನಿಕೆ ಅಂತೆಲ್ಲ ಇಪ್ಪತ್ತೈದು ವರ್ಷದಿಂದ ಮಾತಾಡಿಕೊಂಡು ಬಂದವನು. ಆ ಹುಡುಗಿಗೆ ಕೊಡೋಕೆ ನನ್ನ ಹತ್ತಿರ ಒಂದು ಉತ್ತರ ಇರಲಿಲ್ಲ. "ನೋಡಣ ಇರು" ಅಂದೆ. ನೋಡುತ್ತಾ ಹೋದಾಗ ಬರೆದದ್ದು ಇದು.

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಇದೆಂಥ ವಿಷಯ, ಇದು ಪತ್ರಿಕೆಗಳ ಉದ್ಯೋಗ ಪುರವಣಿಗೆ ಸೇರಿದ್ದು ಎಂದು ಗೆಳೆಯರು ಮೂಗು ಮುರಿಯಬಹುದು. ಆದರೆ ಕನ್ನಡದಲ್ಲಿ ದಲಿತ ಸಾಹಿತ್ಯ ಚಳವಳಿ ಕಣ್ಣುಬಿಟ್ಟದ್ದೇ ಒಂದು ಉದ್ಯೋಗ ಸಲಹೆಯ ಸುತ್ತ ಎದ್ದ ಗಲಾಟೆಯಲ್ಲಿ. ಅದನ್ನು ನಾವು ಮರೆತಿದ್ದೇವೆ.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಬಿ. ಬಸವಲಿಂಗಪ್ಪನವರು ಮಾತಾಡಿದರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದವರು, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟವರು. ಅವರು ಆ ದಿನ ಹೇಳಿದ ಮಾತಿನಲ್ಲಿ ಎರಡು ಭಾಗ ಇತ್ತು. ಒಂದು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ. ಎರಡು, ಹುಡುಗರು ಇಂಗ್ಲಿಷ್ ಕಲೀಬೇಕು. ಮೊದಲನೆಯದಕ್ಕೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಹಾಸ್ಟೆಲುಗಳಿಗೆ ಕಲ್ಲು ಬಿತ್ತು, ಬಸವಲಿಂಗಪ್ಪ ಮಂತ್ರಿಗಿರಿ ಕಳಕೊಂಡರು. ಆ ಸಿಟ್ಟಿನಲ್ಲೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಅದೇ 1973ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು' ಬಂದಿತ್ತು, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಅಂದರೆ 'ಬೂಸಾ' ಎಂಬ ಮಾತಿಗೆ ನಾವು ಬೂಸಾ ಅಲ್ಲದ ಕನ್ನಡ ಬರೆದು ಉತ್ತರ ಕೊಟ್ವಿ. ಅದು ದೊಡ್ಡ ಉತ್ತರ. ಕನ್ನಡವನ್ನು ಉಳಿಸಿದವರು ನಾವೇ ಎಂದು ಎದೆ ತಟ್ಟಿ ಹೇಳಿಕೊಳ್ಳುವಷ್ಟು ದೊಡ್ಡದು.

ಉಳಿದರ್ಧಕ್ಕೆ? "ಇಂಗ್ಲಿಷ್ ಕಲೀರಿ" ಅಂದದ್ದಕ್ಕೆ ನಾವು ಏನಂದ್ವಿ? ಬೂಸಾ ಪ್ರಕರಣದ ಬಗ್ಗೆ ಕನ್ನಡದಲ್ಲಿ ಬಂದ ಲೇಖನಗಳನ್ನು ತೆಗೆದು ನೋಡಿ. 'ಬೂಸಾ' ಎಂಬ ಶಬ್ದದ ಮೇಲೆ ಪುಟಗಟ್ಟಲೆ ಚರ್ಚೆ ಇದೆ, ಅದು ರೂಪಕವೋ ಬೈಗುಳವೋ ಎಂಬಷ್ಟು. ಇಂಗ್ಲಿಷಿನ ಮಾತು ಬಂದ ತಕ್ಷಣ ಎಲ್ಲರೂ ಸ್ವಲ್ಪ ಮುಜುಗರದಿಂದ ಮುಂದೆ ಹೋಗಿಬಿಡುತ್ತಾರೆ. ನಾನೂ ಹಾಗೇ ಮಾಡಿದವನು. ಕನ್ನಡದ ಅನ್ನ ತಿನ್ನುವ ಬರಹಗಾರನಿಗೆ ಆ ಸಲಹೆ ತನ್ನ ಬುಡಕ್ಕೇ ಬಂದಂತೆ ಕಾಣುತ್ತದೆ. ಆದರೆ ಬಸವಲಿಂಗಪ್ಪನವರಿಗೆ ಸಾಹಿತ್ಯ ವಿಮರ್ಶೆ ಗುರಿಯಾಗಿರಲಿಲ್ಲ ಅಂತ ನನಗನ್ನಿಸುತ್ತದೆ. ಅವರು ಎದುರಿಗೆ ಕೂತ ಹುಡುಗರ ಹೊಟ್ಟೆ ನೋಡಿ ಮಾತಾಡಿದರು. ಹಸುವಿಗೆ ಬೂಸಾ ಹಾಕುವುದು ಹಾಲು ಕರೆಯೋಕೆ, ಕರೆದುಕೊಳ್ಳೋರು ಬೇರೆಯವರು. ಈ ಅರ್ಥವನ್ನು ಅವತ್ತು ಯಾರೂ ಕೇಳಿಸಿಕೊಳ್ಳಲಿಲ್ಲ.

*

ಪರಭಾಷೆ ಎಂದರೆ ಯಾವುದು ಎಂಬ ಪ್ರಶ್ನೆಯನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ನಾನು ಕಲಿತ ಮೊದಲ ಪರಭಾಷೆ ಕನ್ನಡ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಗೋಡೆಯ ಚಿತ್ರಪಟ ತೋರಿಸಿ ಇದೇನೋ ಅಂದರು. "ಅಕ್ಕಿ ಸಾ" ಅಂದೆ. "ಅಕ್ಕಿ ಮರದ ಮೇಲೆ ಕೂತ್ಕೊಂಡಿದೆಯೇನೋ?" ಅಂದರು, ಇಡೀ ಕ್ಲಾಸು ನಕ್ಕಿತು. ಬೆರಳ ಗಂಟಿನ ಮೇಲೆ ಬೆತ್ತದ ಏಟು ತಿಂದು 'ಹ'ಕಾರ ಕಲಿತೆ. ಮನೆಗೆ ಬಂದು "ಅವ್ವಾ, ಹಾಲು" ಅಂದರೆ ಅವ್ವ ನಕ್ಕಳು. ಎರಡೂ ಕಡೆ ನಗೆಪಾಟಲಾದವನು ಆಮೇಲೆ ಪಠ್ಯಪುಸ್ತಕದ ಕನ್ನಡವನ್ನು ನೆರೆಮನೆಯವರ ವಸ್ತುವಿನ ಹಾಗೆ ಹುಷಾರಾಗಿ ಹಿಡಿದುಕೊಂಡೇ ಎಂ.ಎ. ಮುಗಿಸಿದ. 1984ರಲ್ಲಿ 'ಕುಸುಮಬಾಲೆ' ಬಂದಾಗ ಇದು ಅರ್ಥವೇ ಆಗೋಲ್ಲ ಅಂದ ಪಂಡಿತರಿದ್ದರು. ನನಗೆ ಮಾತ್ರ ಮೊದಲ ಸಲ ಒಂದು ಅಚ್ಚಾದ ಪುಸ್ತಕ ನಾಲಗೆಯನ್ನು ತಿದ್ದದೆ ಓದಿಸಿಕೊಂಡಿತು.

ಫ್ರಾನ್ಸ್ ಫನಾನ್ 1952ರಲ್ಲಿ ಫ್ರೆಂಚಿನಲ್ಲಿ ಬರೆದ 'ಕಪ್ಪು ಚರ್ಮ, ಬಿಳಿ ಮುಖವಾಡಗಳು' ಪುಸ್ತಕದ ಮೊದಲ ಅಧ್ಯಾಯವೇ ಕರಿಯನಿಗೂ ಭಾಷೆಗೂ ಇರುವ ಸಂಬಂಧದ್ದು. ಕೆರಿಬಿಯನ್ ದ್ವೀಪದ ಕರಿಯ ಫ್ರೆಂಚ್ ಅನ್ನು ಎಷ್ಟು ಚೆನ್ನಾಗಿ ಕಲಿತನೋ ಅಷ್ಟಷ್ಟು ಬಿಳಿಯನಿಗೆ ಹತ್ತಿರವಾದಂತೆ ಭಾವಿಸುತ್ತಾನೆ, ತನ್ನವರಿಂದ ದೂರವಾಗುತ್ತಾನೆ ಎಂಬುದು ಅವನ ವಾದದ ಒಂದು ಎಳೆ. ನಮ್ಮ ಸಭೆಗಳಲ್ಲಿ ಇದನ್ನು ಇಂಗ್ಲಿಷಿನ ವಿರುದ್ಧ ಬಳಸೋದು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಅಂಥ ದೂರವನ್ನು ನಮಗೆ ಮೊದಲು ಕಲಿಸಿದ್ದು ಶಿಷ್ಟ ಕನ್ನಡ. 'ಹ'ಕಾರ ಕಲಿತ ದಿನವೇ ನಾನು ಕೇರಿಯಿಂದ ಅರ್ಧ ಮೈಲಿ ಆಚೆ ಹೋಗಿದ್ದೆ. ಇಂಗ್ಲಿಷಿನವನು ನನ್ನ 'ಹ'ಕಾರಕ್ಕೆ ನಕ್ಕಿಲ್ಲ. ಅವನಿಗೆ ಅದು ಗೊತ್ತೇ ಇಲ್ಲ. ಹೀಗೆ ಗೊತ್ತಿಲ್ಲದಿರುವುದರಲ್ಲೂ ಒಂದು ಬಿಡುಗಡೆ ಇದೆ.

ಆ ಬಿಡುಗಡೆಯ ಆಸೆಯೇ 1854ರ ತಮ್ಮ ಕವನ ಸಂಕಲನದಲ್ಲಿ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಎಂದು ಬರೆದದ್ದರ ಹಿಂದೆ ಇದ್ದದ್ದು. ಚಂದ್ರಭಾನ್ ಪ್ರಸಾದರು ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ 2010ರಲ್ಲಿ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಿಸಲು ಹೊರಟದ್ದರ ಹಿಂದೆಯೂ ಅದೇ ಇದೆ. ಕೈಯಲ್ಲಿ ಪೆನ್ನು, ತಲೆಗೆ ಹ್ಯಾಟು, ಕಾಲಡಿಯಲ್ಲಿ ಕಂಪ್ಯೂಟರು. ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ ಆ ದೇವಿಯನ್ನು ನೋಡಿ ನಗುವವರ ಜೊತೆ ನಾನಿಲ್ಲ. ಆದರೆ ದೇವಿಯ ಹತ್ತಿರ ವರ ಕೇಳಬಹುದು, ಜಗಳ ಆಡೋಕೆ ಆಗೋಲ್ಲ. ನನ್ನ ತಕರಾರು ಇರುವುದು ಅಲ್ಲಿ.

*

ನನ್ನ ಅವ್ವನ ಅಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದರು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ದಂಡನ್ನು ಬೆಂಗಳೂರಿಗೆ ತಂದಾಗಿನಿಂದ ನಮ್ಮ ಜನ ಅಲ್ಲಿ ಅಡಿಗೆ, ಕುದುರೆಲಾಯ, ತೋಟ, ಕಕ್ಕಸು ಇಂಥ ಕೆಲಸಕ್ಕೆ ಸೇರಿಕೊಂಡು ಬಂದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಊರೊಳಗಿನ ಶಾನುಭೋಗರಿಗೂ ಬಾರದ ಇಂಗ್ಲಿಷ್. 'ಬಟ್ಲರ್ ಇಂಗ್ಲಿಷ್' ಅಂತ ಅದಕ್ಕೊಂದು ಹೆಸರೇ ಇತ್ತು; ಇಂಗ್ಲಿಷರು 1886ರಲ್ಲಿ ಅಚ್ಚು ಹಾಕಿದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಆ ಹೆಸರಿಗೊಂದು ನಮೂದು ಉಂಟು, ನಗೆಯ ದಾಟಿಯಲ್ಲಿ. ತಾತ ಮುದಿಯಾದ ಮೇಲೂ ನಮ್ಮನ್ನು ನಗಿಸೋಕೆ ಆ ಇಂಗ್ಲಿಷ್ ಆಡಿ ತೋರಿಸೋರು: ಎಸ್ ಸಾರ್, ಕಮಿಂಗ್ ಸಾರ್, ಫಿನಿಷ್ ಸಾರ್, ಸಾರಿ ಸಾರ್. ಎಷ್ಟೋ ವರ್ಷ ಆದಮೇಲೆ ನನಗೆ ಹೊಳೆಯಿತು. ತಾತನ ಇಂಗ್ಲಿಷಿನಲ್ಲಿ 'ವೈ' ಇರಲಿಲ್ಲ. 'ಯಾಕೆ' ಎನ್ನುವುದನ್ನು ಅವರು ರಾತ್ರಿ ಮನೆಗೆ ಬಂದು ಹೆಂಡತಿಯ ಮೇಲೆ ಕನ್ನಡದಲ್ಲಿ ಕೂಗುತ್ತಿದ್ದರು.

ಕೋಲಾರದ ಚಿನ್ನದ ಗಣಿಯದೂ ಇದೇ ಕಥೆ. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿದ್ದ ಆ ಗಣಿಗಳಲ್ಲಿ ನೆಲದಡಿಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ದಲಿತರು. ಶಾಫ್ಟು, ಕೇಜು, ಷಿಫ್ಟು, ಬ್ಲಾಸ್ಟಿಂಗು ಎಲ್ಲ ಅವರ ಬಾಯಲ್ಲಿ ಮನೆಮಾತಾಯಿತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದಾಗ ಆ ಇಂಗ್ಲಿಷ್ ಬೇರೆಲ್ಲೂ ಚಲಾವಣೆಯಾಗಲಿಲ್ಲ. ತಲೆಮಾರುಗಟ್ಟಲೆ ಇಂಗ್ಲಿಷರ ಕೂಡೆ ಕೆಲಸ ಮಾಡಿದ ಜನಕ್ಕೆ ಗಣಿಯ ಹೊರಗೆ ಸಿಕ್ಕಿದ್ದು ಬೆಳಗಿನ ರೈಲು, ಬೆಂಗಳೂರಿನಲ್ಲಿ ಕೂಲಿ. ಆದರೆ ಅದೇ ಗಣಿಯ ಮಾರಿಕುಪ್ಪಂನಲ್ಲಿ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘದ ಶಾಖೆಯೂ ಇತ್ತು, ಅವರ 'ತಮಿಳನ್' ಪತ್ರಿಕೆ ಓದುವವರೂ ಇದ್ದರು. ಯಾಕೆ ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಕೇಳಿದರು. ಗಣಿಯ ಭಾಷೆ ಬೇರೆ, ಪ್ರಶ್ನೆಯ ಭಾಷೆ ಬೇರೆ ಆಗಿ ಉಳಿಯಿತು.

ಹಾಗಾಗಿ ಯಾವ ಭಾಷೆ ಎಂಬುದಕ್ಕಿಂತ ಎಷ್ಟು ಭಾಷೆ ಎಂದು ಕೇಳಬೇಕು ಅನ್ನುವ ಕಡೆಗೆ ನಾನು ಬರುತ್ತಿದ್ದೇನೆ. ಯಜಮಾನ ಯಾವತ್ತೂ ಆಳಿಗೆ ತನ್ನ ಭಾಷೆಯನ್ನು ಅಪ್ಪಣೆ ತಲುಪುವಷ್ಟು ಧಾರಾಳವಾಗಿ ಕಲಿಸುತ್ತಾನೆ.

*

ಭಾಷೆಯ ಆಯ್ಕೆ ಎಂಬ ಮಾತು ನಮ್ಮ ಪಾಲಿಗೆ ಎಷ್ಟು ಪೊಳ್ಳು ಎನ್ನುವುದಕ್ಕೆ ಬಾಬಾಸಾಹೇಬರ ಶಾಲೆಯ ದಿನಗಳೇ ಸಾಕು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಎರಡನೇ ಭಾಷೆಯಾಗಿ ಸಂಸ್ಕೃತ ತಗೋಬೇಕು ಅಂತ ಅವರಿಗೆ, ಅವರ ತಂದೆಗೆ ಆಸೆ. ಅಸ್ಪೃಶ್ಯನಿಗೆ ಕೊಡಲಿಲ್ಲ. ಪಾರ್ಸಿ ತಗೊಂಡರು. 1912ರ ಬಿ.ಎ.ವರೆಗೂ ಪಾರ್ಸಿ ಅವರ ಜೊತೆ ಬಂತು. ಒಬ್ಬ ಮೇಷ್ಟರ ಮಡಿ ಒಬ್ಬ ಹುಡುಗನ ಕೈಗೆ ಸಾದಿ, ಹಾಫಿಜರ ಭಾಷೆ ಕೊಟ್ಟಿತು! 1946ರಲ್ಲಿ 'ಶೂದ್ರರು ಯಾರಾಗಿದ್ದರು' ಎಂಬ ಪುಸ್ತಕ ಬರೆದಾಗ ಅವರು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ: ಸಂಸ್ಕೃತದಲ್ಲಿ ತಮಗೆ ಪಾಂಡಿತ್ಯ ಇಲ್ಲ ನಿಜ, ಆದರೆ ಇಂಗ್ಲಿಷಿಗೆ ಬಾರದ ಸಂಸ್ಕೃತ ಸಾಹಿತ್ಯ ತೀರಾ ಕಡಿಮೆ. ಊರಿನ ದೇವಭಾಷೆ ಮುಚ್ಚಿದ ಬಾಗಿಲನ್ನು ಪರದೇಶದ ಭಾಷೆ ಹಿತ್ತಲಿನಿಂದ ತೆಗೆಯಿತು. ಅಪ್ಪಣೆ ತಲುಪುವ ಇಂಗ್ಲಿಷಿಗೂ ವೇದವನ್ನು ಕಟಕಟೆಗೆ ನಿಲ್ಲಿಸುವ ಇಂಗ್ಲಿಷಿಗೂ ಇರುವ ಅಂತರ ಅದು.

1921ರಲ್ಲಿ ಲಂಡನ್ನಿನಲ್ಲಿದ್ದಾಗ ಅವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಸೇರಲು ಅರ್ಜಿ ಹಾಕಿದರು, ಜರ್ಮನ್ ಭಾಷೆಯಲ್ಲಿ, ಸ್ವಂತ ಕೈಬರಹದಲ್ಲಿ. ಬಾನ್‌ನ ಓದು ಮುಂದುವರಿಯಲಿಲ್ಲ. 1923ರಲ್ಲಿ ಊರಿಗೆ ಮರಳಿದರು. ಲಂಡನ್ನಿನ ಡಿಎಸ್ಸಿ ಸಿಕ್ಕಿದ್ದು ಅದೇ ವರ್ಷ. ಆದರೂ ನನಗೆ ಆ ಜರ್ಮನ್ ಅರ್ಜಿ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಬೀದಿ ಬೀದಿಯ ಪ್ರತಿಮೆಗಳ ಕೈಯಲ್ಲಿ ಸಂವಿಧಾನ ಇದೆ, ಇರಲಿ. ವಿಭಕ್ತಿಪ್ರತ್ಯಯ ತಪ್ಪೀತು ಅಂತ ಎಚ್ಚರವಾಗಿ ಪರಭಾಷೆಯಲ್ಲಿ ಅರ್ಜಿ ಬರೆಯುತ್ತಾ ಕೂತ ಮೂವತ್ತರ ಆಸುಪಾಸಿನ ವಿದ್ಯಾರ್ಥಿಯ ಪ್ರತಿಮೆ ಒಂದಾದರೂ ಹಾಸ್ಟೆಲುಗಳ ಮುಂದೆ ಇರಬೇಕಿತ್ತು.

ಹಾಗಂತ ಪರಭಾಷೆ, ಪರದೇಶದ ಪದವಿ ಎಲ್ಲ ಕಟ್ಟು ಬಿಚ್ಚಿಬಿಡುತ್ತವೆ ಅಂತಲೂ ಅಲ್ಲ. 1917ರಲ್ಲಿ ನ್ಯೂಯಾರ್ಕು, ಲಂಡನ್ನು ಮುಗಿಸಿ ಬರೋಡೆಗೆ ಕೆಲಸಕ್ಕೆ ಬಂದ ಅಂಬೇಡ್ಕರರಿಗೆ ಉಳಿಯೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಜನಗಳ ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಉಳಕೊಂಡರು. ಒಂದು ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪು ಬಂದು ನೀನ್ಯಾರು ಅಂತ ಕೇಳಿತು. ಇದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಆ ಹೆಸರನ್ನು ಗಮನಿಸಿ. ಅಮೆರಿಕಕ್ಕೆ ಹೋಗಲು ಅಡ್ಡಿಯಾಗದವನು ತನ್ನ ನಾಡಿನಲ್ಲಿ ವೀಸಾಕ್ಕೆ ಕಾಯುತ್ತಿದ್ದಾನೆ.

*

ಬರೋಡೆಯ ಆ ಪ್ರಸಂಗ ಓದುವಾಗೆಲ್ಲ ನನಗೆ ಜಪಾನಿನ ಒಂದು ಕಾದಂಬರಿ ನೆನಪಾಗುತ್ತದೆ. ನಮ್ಮ ಹುಡುಗಿ ಜಪಾನೀಸ್ ಅಂದಾಗ ತಲೆಗೆ ಬಂದದ್ದೂ ಅದೇ. ಶಿಮಾಜಾಕಿ ತೋಸೋನ್ 1906ರಲ್ಲಿ ಬರೆದ 'ಹಕಾಯ್'. 'ಮುರಿದ ಆಜ್ಞೆ' ಅಂತ ಕನ್ನಡದಲ್ಲಿ ಅನ್ನಬಹುದು. 1974ರಲ್ಲಿ ಬಂದ ಇಂಗ್ಲಿಷ್ ಅನುವಾದದಲ್ಲಿ ನಾನು ಓದಿದ್ದು. ಜಪಾನಿನಲ್ಲೂ ಅಸ್ಪೃಶ್ಯರಿದ್ದರು: ಸತ್ತ ದನ ಸುಲಿಯುವವರು, ಚರ್ಮ ಹದ ಮಾಡುವವರು, ಊರ ಹೊರಗಿನ ಕೇರಿಗಳಲ್ಲಿ ಬದುಕಿದವರು. 'ಎತಾ' ಎಂದು ಅವರನ್ನು ಹೀನಾಯವಾಗಿ ಕರೆಯುತ್ತಿದ್ದರು. 1871ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿ ಆ ಭೇದ ಇನ್ನಿಲ್ಲ ಅಂತ ಸಾರಿತು. ಕಾಗದದ ಮೇಲೆ ಹೋದದ್ದು ಕೇರಿಯಿಂದ ಹೋಗಲಿಲ್ಲ. ಇವತ್ತು ಅವರನ್ನು ಬುರಾಕು ಜನ ಅನ್ನುತ್ತಾರೆ.

ಕಾದಂಬರಿಯ ನಾಯಕ ಉಶಿಮಾತ್ಸು ಅಂಥ ಕುಲದವನು, ಶಾಲಾ ಮೇಷ್ಟ್ರು. ಹುಟ್ಟನ್ನು ಯಾರಿಗೂ ಹೇಳಬೇಡ ಎಂಬುದು ಅಪ್ಪನ ಆಜ್ಞೆ. ಕಥೆ ಶುರುವಾಗುವುದೇ ಬಾಡಿಗೆ ಕೋಣೆಯಿಂದ. ಅವನಿದ್ದ ವಸತಿಯಿಂದ ಒಬ್ಬ ಶ್ರೀಮಂತನನ್ನು ಎತಾ ಎಂದು ಗೊತ್ತಾದ ಕೂಡಲೇ ಹೊರದಬ್ಬುತ್ತಾರೆ. ಹೆದರಿದ ಉಶಿಮಾತ್ಸು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಯಾರಿಗೂ ಈ ಪುಟಗಳನ್ನು ವಿವರಿಸಬೇಕಾಗಿಲ್ಲ. ಹುಟ್ಟನ್ನು ಬಹಿರಂಗವಾಗಿ ಹೇಳಿಕೊಂಡು ಬರೆಯುವ ಇನೋಕೊ ರೆಂತಾರೊ ಎಂಬ ಲೇಖಕನ ಪುಸ್ತಕಗಳನ್ನು ಅವನು ಕದ್ದು ಓದುತ್ತಾನೆ. ರೆಂತಾರೊ ಕೊಲೆಯಾದ ಮೇಲೆ ಆಜ್ಞೆ ಮುರಿಯುತ್ತಾನೆ.

ಮುರಿಯುವ ರೀತಿ ನೋಡಬೇಕು. ತನ್ನ ಕ್ಲಾಸಿನ ಮಕ್ಕಳ ಎದುರು ಮಂಡಿಯೂರಿ, ನಾನು ಅಂಥವನು, ಮುಚ್ಚಿಟ್ಟದ್ದಕ್ಕೆ ಕ್ಷಮಿಸಿ ಅಂತ ಬೇಡಿಕೊಳ್ಳುತ್ತಾನೆ. ಆಮೇಲೆ ಅಮೆರಿಕದ ಟೆಕ್ಸಾಸಿಗೆ, ಆ ಹೊರದಬ್ಬಿಸಿಕೊಂಡ ಶ್ರೀಮಂತನ ಬೇಸಾಯದ ಯೋಜನೆಗೆ ಹೊರಡುತ್ತಾನೆ. ಕಾದಂಬರಿ ಮುಗಿಯಿತು. ಇಷ್ಟು ನೋವು ಬಲ್ಲ ಲೇಖಕನಿಗೆ ತನ್ನ ನಾಯಕ ನಿಂತುಕೊಂಡು ಅದೇ ಮಾತನ್ನು ಹೇಳುವುದನ್ನು ಕಲ್ಪಿಸಿಕೊಳ್ಳಲಾಗಲಿಲ್ಲ. ತೋಸೋನ್ ಆ ಕುಲದವನಲ್ಲ ಎಂಬುದು ಇಲ್ಲಿ ಕೆಲಸ ಮಾಡಿದೆ. ಸಹಾನುಭೂತಿಯ ಸಾಹಿತ್ಯ ಕೊನೆಗೆ ನಮ್ಮನ್ನು ಮಂಡಿಯೂರಿಸಿಯೇ ಕಣ್ಣೀರು ಹಾಕುತ್ತದೆ. ಕನ್ನಡದಲ್ಲೂ ಉದಾಹರಣೆಗಳಿಗೆ ಬರ ಇಲ್ಲ. ಇನ್ನು ಆ ಟೆಕ್ಸಾಸು. ಊರಿನಲ್ಲಿ ಬಗೆಹರಿಯದ್ದಕ್ಕೆ ವಿದೇಶದ ಕೆಲಸ ಎಂಬ ಮುಕ್ತಾಯ. ಭಾಷೆ ಕಲಿಸುವ ಅಂಗಡಿಗಳ ಕರಪತ್ರಗಳನ್ನು ನಮ್ಮ ಹುಡುಗಿ ನನ್ನ ಮುಂದೆ ಹರಡಿದಾಗ ನನಗೆ ಕಂಡದ್ದು ಆ ಕಾದಂಬರಿಯ ಕೊನೆಯ ಅಧ್ಯಾಯವೇ, ಬಣ್ಣದ ಕಾಗದದಲ್ಲಿ.

ಹದಿನಾರು ವರ್ಷದ ಮೇಲೆ ಅದೇ ಜನ ಕಾದಂಬರಿಗೆ ಬೇರೆ ಮುಕ್ತಾಯ ಬರೆದರು. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಸೇರಿ 'ಸುಯ್‌ಹೇಯ್‌ಶಾ' ಕಟ್ಟಿದರು. ನೀರಿನ ಮಟ್ಟದ ಹಾಗೆ ಎಲ್ಲರನ್ನೂ ಸಮ ಮಾಡುವ ಸಂಘ ಎಂಬ ಅರ್ಥ. ನಮ್ಮ ಹುಟ್ಟಿಗೆ ನಾವು ಹೆಮ್ಮೆಪಡುವ ಕಾಲ ಬಂದಿದೆ ಎಂಬುದು ಅವರ ಘೋಷಣೆಯ ಸಾರ. ಅದಾಗಿ ಐದು ವರ್ಷಕ್ಕೆ ಮಹಾಡದ ಕೆರೆ. ಎರಡೂ ಕಡೆ ನೀರು ಇದೆ ಎಂಬುದು ಆಕಸ್ಮಿಕ ಇರಬಹುದು, ನನಗಂತೂ ಖುಷಿಯಾಗುತ್ತದೆ. ಆದರೆ 1975ರಲ್ಲಿ ಜಪಾನಿನಲ್ಲಿ ಇನ್ನೊಂದು ವಿಷಯ ಬಯಲಾಯಿತು: ಬುರಾಕು ಕೇರಿಗಳ ಹೆಸರು, ಜಾಗಗಳ ಪಟ್ಟಿಯನ್ನು ಗುಟ್ಟಾಗಿ ಪುಸ್ತಕ ಮಾಡಿ ಕಂಪನಿಗಳಿಗೆ ಮಾರುತ್ತಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವನ ಊರು ಆ ಪಟ್ಟಿಯಲ್ಲಿದ್ದರೆ ಕೆಲಸ ಇಲ್ಲ. ಜಾತಿ ಕಂಡುಹಿಡಿಯೋಕೆ ಅಲ್ಲಿ ಪುಸ್ತಕ ಬೇಕಾಯಿತು. ನಮ್ಮಲ್ಲಿ ಅಪ್ಪನ ಹೆಸರು ಕೇಳಿದರೆ ಸಾಕು.

*

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಜಪಾನ್ 2019ರ ಏಪ್ರಿಲಿನಿಂದ 'ನಿರ್ದಿಷ್ಟ ಕೌಶಲ್ಯ'ದ ಕೆಲಸಗಾರರಿಗೆ ಒಂದು ವೀಸಾ ಕೊಡುತ್ತಿದೆ. ಭಾರತದ ಜೊತೆ 2021ರ ಜನವರಿಯಲ್ಲಿ ಒಪ್ಪಂದ ಆಯಿತು. ಮುದುಕರ ಆರೈಕೆ, ಕಟ್ಟಡ ಸ್ವಚ್ಛತೆ, ಕಟ್ಟಡ ನಿರ್ಮಾಣ, ಬೇಸಾಯ, ಮೀನುಗಾರಿಕೆ, ಹೋಟೆಲು ಇವೆಲ್ಲ ಆ ಪಟ್ಟಿಯಲ್ಲಿವೆ. ಜಪಾನಿ ಭಾಷಾ ಪರೀಕ್ಷೆಯಲ್ಲಿ ಐದು ಮೆಟ್ಟಿಲು, ಕೆಳಗಿನದು ಎನ್-5, ಮೇಲಿನದು ಎನ್-1. ಈ ವೀಸಾಕ್ಕೆ ಕೆಳಗಿನಿಂದ ಎರಡನೆಯದಾದ ಎನ್-4 ಅಥವಾ ಅದಕ್ಕೆ ಸಮನಾದ ಇನ್ನೊಂದು ಪರೀಕ್ಷೆ ಸಾಕು. ಆರೈಕೆ ಕೆಲಸಕ್ಕೆ ಅದರದೇ ಪ್ರತ್ಯೇಕ ಭಾಷಾ ಪರೀಕ್ಷೆ, ಕೌಶಲ ಪರೀಕ್ಷೆಯೂ ಉಂಟು. ಮೊದಲ ದರ್ಜೆಯ ಈ ವೀಸಾದಲ್ಲಿ ಸಾಮಾನ್ಯವಾಗಿ ಒಟ್ಟು ಐದು ವರ್ಷ ಇರಬಹುದು, ಗಂಡ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಅಲ್ಲೇ ಇದ್ದು ಆರೈಕೆಯ ರಾಷ್ಟ್ರೀಯ ಪರೀಕ್ಷೆ ಪಾಸು ಮಾಡಿದರೆ ಮಾತ್ರ ಬೇರೆ ದರ್ಜೆಯ ವೀಸಾ, ಸಂಸಾರ ಎಲ್ಲ ಸಾಧ್ಯ. ಆ ಪರೀಕ್ಷೆ ಜಪಾನಿಯಲ್ಲಿ, ಎನ್-4ರ ಭಾಷೆಗೆ ಎಟುಕುವಂಥದಲ್ಲ.

ಜರ್ಮನಿಯ ಲೆಕ್ಕ ಬೇರೆ. ಅಲ್ಲಿ ಪೂರ್ಣ ನರ್ಸು ಎಂಬ ಮಾನ್ಯತೆ ಬೇಕಾದರೆ ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಎ-1ರಿಂದ ಸಿ-2ರವರೆಗಿನ ಆರು ಮೆಟ್ಟಿಲಲ್ಲಿ ಅದು ನಾಲ್ಕನೆಯದು. ಡಾಕ್ಟರ ಎದುರು ರೋಗಿಯ ಸ್ಥಿತಿ ವಿವರಿಸಬೇಕು, ಔಷಧಿ ತಪ್ಪಿದರೆ ತಪ್ಪು ಅನ್ನಬೇಕು. ಅಷ್ಟು ಭಾಷೆ. ರಾತ್ರಿಪಾಳಿ ಮಾಡುತ್ತಾ ಅದನ್ನು ಮುಟ್ಟಲು ಒಂದು ವರ್ಷ ಸಾಲದು, ಫೀಸೂ ಹೆಚ್ಚು. ಗಲ್ಫಿಗೆ ಮನೆಗೆಲಸಕ್ಕೆ ಹೋದ ನಮ್ಮ ಕೋಲಾರ, ಕಡಪೆ ಕಡೆಯ ಹೆಣ್ಣುಮಕ್ಕಳನ್ನು ಯಾರೂ ಯಾವ ಭಾಷೆಯನ್ನೂ ಕೇಳಲಿಲ್ಲ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಒಂದು ದೇಶ ನಮ್ಮಿಂದ ಎಷ್ಟು ಭಾಷೆ ಕೇಳುತ್ತದೆ ಎನ್ನುವುದರಲ್ಲೇ ನಮ್ಮನ್ನು ಏನೆಂದುಕೊಂಡಿದೆ ಎಂಬುದೂ ಇದೆ. ಸುಲಭವಾಗಿ ತೆರೆಯುವ ಬಾಗಿಲು ನಮ್ಮ ತಾತ ಹೊಕ್ಕ ಬಾಗಿಲೇ ಇರಬಹುದು, ಬಂಗಲೆಯ ಹಿಂದಿನದು.

ಓದಲು ಹೋಗುವವರಿಗೆ ಇನ್ನೊಂದು ತರದ ಗೋಡೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಕೇಳೋಕೆ ಚೆಂದ. ಆದರೆ ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋ ಆಯಿತು. ಹತ್ತು ಲಕ್ಷ ರೂಪಾಯಿಗೂ ಮೇಲೆ. ಕೇಂದ್ರ ಸರ್ಕಾರ ಪರಿಶಿಷ್ಟರಿಗೆ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆಯಲ್ಲ ಅನ್ನಬಹುದು. ಇದೆ. 2022ರ ನಿಯಮಾವಳಿಯಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಅಧ್ಯಯನಕ್ಕೆ ಅದು ಸಿಗುವುದಿಲ್ಲ ಅಂತ ಸೇರಿಸಿದರು. ಅಂದರೆ ದಲಿತ ಹುಡುಗ ಹೊರದೇಶಕ್ಕೆ ಹೋಗಿ ಸೇತುವೆ ಕಟ್ಟೋದು ಕಲಿಯಬಹುದು, ಜಾತಿಯ ಬಗ್ಗೆ ಬರೆಯೋದಕ್ಕೆ ದುಡ್ಡಿಲ್ಲ. ಕೊಲಂಬಿಯಾದಲ್ಲಿ 1916ರಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ ಅಂಬೇಡ್ಕರ್ ಈ ನಿಯಮದ ಕೆಳಗೆ ಆ ವಿಷಯ ಇಟ್ಟುಕೊಂಡು ಅರ್ಜಿ ಹಾಕಿದ್ದರೆ ವಾಪಸು ಬರುತ್ತಿತ್ತು. ಎಷ್ಟು ಭಾಷೆ, ಯಾವ ಪ್ರಶ್ನೆಗೆ ಭಾಷೆ ಎಂಬುದನ್ನು ಇಲ್ಲೂ ಮೇಲಿನವರೇ ಅಳೆದು ಕೊಡುತ್ತಿದ್ದಾರೆ.

ಕನ್ನಡ ಮಾಧ್ಯಮದ ಪರ ಇರುವ ನಮ್ಮ ಹಿರಿಯರ ಜೊತೆ ನನಗೆ ಜಗಳ ಇಲ್ಲ. ಶಿಕ್ಷಣದಲ್ಲಿ ಕನ್ನಡಕ್ಕೆ ಜಾಗ ಸಿಗದಿರುವಾಗ ಪ್ರಶಸ್ತಿ ಬೇಡ ಎಂದು ದೇವನೂರರು 2010ರಲ್ಲಿ ನೃಪತುಂಗ ಪ್ರಶಸ್ತಿ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಉಳ್ಳವರ ಮಗು, ಇಲ್ಲದವರ ಮಗು ಒಂದೇ ಬೆಂಚಿನಲ್ಲಿ ಕೂತು ಕನ್ನಡದಲ್ಲಿ ಕಲಿಯುವುದಾದರೆ ನನ್ನ ಎರಡೂ ಕೈ ಮೇಲೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷೆ ಹೇರುವಂತಿಲ್ಲ ಅಂದಿತು. ಆ ಬೆಂಚು ಅಲ್ಲಿಗೆ ಮುರಿಯಿತು. ಮುರಿದ ಬೆಂಚಿನ ಒಂದು ತುದಿಯಲ್ಲಿ ನಮ್ಮ ಮಕ್ಕಳನ್ನು ಮಾತ್ರ ಕೂರಿಸಿ ಭಾಷೆ ಉಳಿಸಿ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

*

ಇಷ್ಟೆಲ್ಲ ಓದಿಕೊಂಡು, ಗುರುತು ಹಾಕಿಕೊಂಡು ಅಕ್ಕನ ಮಗಳಿಗೆ ಫೋನು ಮಾಡಿದೆ. ಜರ್ಮನ್ ತಗೋ, ತಡ ಆದರೂ ಬಿ-2ರವರೆಗೆ ಹೋಗು, ಜಪಾನೀಸೇ ಆಗಬೇಕು ಅಂದರೆ ಎನ್-4ಕ್ಕೆ ನಿಲ್ಲಿಸಬೇಡ, ಜಗಳ ಆಡೋವಷ್ಟು ಭಾಷೆ ಇಲ್ಲದೆ ಹೋಗಬೇಡ ಅಂತ ಹೇಳಿದೆ. ತಾತನ ಇಂಗ್ಲಿಷಿನ ಕಥೆಯನ್ನೂ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿಂಗೇನು ಮಾವ, ತಿಂಗ್ಳು ತಿಂಗ್ಳು ಸಂಬಳ ಬತ್ತದೆ. ಅಪ್ಪನ ಸಾಲ ಎಷ್ಟಿದೆ ಗೊತ್ತಾ? ಬಿ-2 ಆಗೋ ಹೊತ್ಗೆ ಅಸಲಿಗಿಂತ ಬಡ್ಡಿ ದೊಡ್ಡದಾಗಿರುತ್ತೆ. ನಾ ಮೊದ್ಲು ಅಲ್ಲಿಗೆ ಹೋಗ್ತೀನಿ. ಜಗಳ ಆಡೋದು ಆಮೇಲೆ ಕಲೀತೀನಿ."

ಇದಕ್ಕೆ ನಾನೇನು ಹೇಳಲಿ? ಅವಳು ಜಪಾನೀಸಿಗೆ ಸೇರಿದ್ದಾಳೆ. ಭಾನುವಾರ ರಾತ್ರಿಪಾಳಿ ಮುಗಿಸಿ ಎರಡು ಬಸ್ಸು ಬದಲಾಯಿಸಿ ಕ್ಲಾಸಿಗೆ ಹೋಗುತ್ತಾಳೆ. ಡಿಸೆಂಬರಿನ ಪರೀಕ್ಷೆಗೆ ಎನ್-5 ಬಿಟ್ಟು ನೇರ ಎನ್-4ಕ್ಕೇ ಕಟ್ಟುತ್ತಾಳಂತೆ. ಫೀಸಿನಲ್ಲಿ ಅರ್ಧ ನಾನು ಕೊಟ್ಟಿದ್ದೇನೆ.